ಮಾರ್ಚ್ ಹನ್ನೆರಡರ ನೀರು

ಕಾಪಿ ಹೊಡೆದ ರೆಕಾರ್ಡ್ ಬುಕ್ ಕಂಡರೆ ನಾನು ಹರಿದು ಕೈಗೆ ಕೊಡುತ್ತೇನೆ ಅನ್ನುವುದು ತುಮಕೂರಿನ ನಮ್ಮ ಕಾಲೇಜಿಗೆ ನಿನ್ನೆ ಸೇರಿದ ಮಕ್ಕಳಿಗೂ ಗೊತ್ತು. ಇಪ್ಪತ್ತಾರು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ್ದೇನೆ. "ಪ್ರೇಮಲತಾ ಮ್ಯಾಮ್ ಹತ್ರ ಆಟ ನಡೆಯಲ್ಲ" ಎಂದು ಕಾರಿಡಾರಿನಲ್ಲಿ ಯಾರಾದರೂ ಅಂದದ್ದು ಕಿವಿಗೆ ಬಿದ್ದರೆ, ಕೇಳಿಸಲೇ ಇಲ್ಲ ಅನ್ನುವ ಹಾಗೆ ಮುಂದೆ ಹೋಗಿ, ಸ್ಟಾಫ್ ರೂಮಿನಲ್ಲಿ ಕೂತು ಒಬ್ಬಳೇ ಖುಷಿಪಡುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಅದನ್ನು ನಾನು ಬೇರೆಯವರ ಬಗ್ಗೆ ಬೇಕಾದಷ್ಟು ಸಲ ಆಡಿದ್ದೇನೆ. ಈಗ ನನ್ನ ಬದನೆಕಾಯಿಯ ಕತೆ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆದರೆ ಇದರಲ್ಲಿ ನನ್ನ ಮಾನಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಮಾನ ಹೋಗಿದೆ, ಆದ್ದರಿಂದ ಸುಮ್ಮನಿರುವ ಹಾಗೂ ಇಲ್ಲ.

ಎರಡು ವರ್ಷದ ಹಿಂದೆ ನನಗೊಂದು ಪ್ರಾಜೆಕ್ಟ್ ಸಿಕ್ಕಿತು. ಮೂರು ಕೆರೆಗಳ ನೀರನ್ನು ಪ್ರತಿ ತಿಂಗಳ ಹನ್ನೆರಡನೇ ತಾರೀಕು ತೆಗೆದು ಪರೀಕ್ಷೆ ಮಾಡಬೇಕು. ಕೋರದ ಆಚೆ ಒಂದು, ಗುಬ್ಬಿಯ ಹತ್ತಿರ ಒಂದು, ಗುಬ್ಬಿಯಿಂದ ಕುಣಿಗಲ್ ಕಡೆ ಹೋಗುವ ಒಳದಾರಿಯಲ್ಲಿ ಸೋಮಕ್ಕನ ಕೆರೆ. ನೀರಿನಲ್ಲಿ ಕಣ್ಣಿಗೆ ಕಾಣದ ಹಸಿರು ಜೀವಿಗಳಿರುತ್ತವೆ, ಅವನ್ನು ಮೇಯುವ ಸಣ್ಣ ಸಣ್ಣ ಪ್ರಾಣಿಗಳಿರುತ್ತವೆ, ಆ ಪ್ರಾಣಿಗಳನ್ನು ಮೀನು ಮರಿ ತಿನ್ನುತ್ತದೆ. ತೇಲಾಡುವ ಈ ಸಂಸಾರಕ್ಕೆಲ್ಲ ಸೇರಿಸಿ ಪ್ಲಾಂಕ್ಟನ್ ಅನ್ನುತ್ತೇವೆ. ಹೊಲಕ್ಕೆ ಗೊಬ್ಬರ ಬಿದ್ದ ಹಾಗೆ ಕೆರೆಗೆ ರಂಜಕ, ಸಾರಜನಕ ಬಿದ್ದರೆ ಹಸಿರು ಹೆಚ್ಚುತ್ತದೆ. ಸ್ವಲ್ಪ ಹೆಚ್ಚಿದರೆ ಮೀನಿಗೆ ಹಬ್ಬ. ಮಿತಿ ಮೀರಿದರೆ ನೀಲಿ-ಹಸಿರು ಪಾಚಿಯೊಂದು ಮಿಕ್ಕವರನ್ನೆಲ್ಲ ಓಡಿಸಿ ಕೆರೆಯನ್ನೇ ಆಕ್ರಮಿಸುತ್ತದೆ. ರಾತ್ರಿ ಹೊತ್ತು ಅದು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡುಬಿಟ್ಟರೆ ಬೆಳಗಿನ ಜಾವಕ್ಕೆ ಮೀನು ಉಸಿರುಕಟ್ಟಿ ಸಾಯುತ್ತದೆ. ಇದು ಒಂದು ದಿನದಲ್ಲಿ ಆಗುವ ಕೆಲಸವಲ್ಲ. ತಿಂಗಳು ತಿಂಗಳೂ ನೋಡುತ್ತಿದ್ದರೆ ಮೊದಲೇ ಗೊತ್ತಾಗುತ್ತದೆ, ನೋಡಬೇಕು ಅಷ್ಟೆ.

ಸೋಮಕ್ಕನ ಕೆರೆಯಲ್ಲಿ ನಮಗೆ ಜೊತೆಯಾಗುತ್ತಿದ್ದವರು ನೀರುಗಂಟಿ ನರಸಯ್ಯ. ಅರವತ್ತು ದಾಟಿದ ಮನುಷ್ಯ. ತೂಬು ಎತ್ತುವುದು, ಇಳಿಸುವುದು, ಕೆಳಗಿನ ತೋಟಗಳಿಗೆ ಸರದಿಯ ಮೇಲೆ ನೀರು ಬಿಡುವುದು ಅವರ ಕೆಲಸ. ಅವರಪ್ಪನದೂ ಅದೇ ಕೆಲಸವಾಗಿತ್ತಂತೆ. ಆ ಊರಿನಲ್ಲಿ ನೀರಿನ ಸರದಿಗೆ ಬರವಣಿಗೆ ಇರಲಿಲ್ಲ. "ನಿನ್ನ ಹೊತ್ತು ಮುಗೀತು" ಎಂದು ನರಸಯ್ಯ ಅಂದರೆ ಮುಗಿಯಿತು. ಅಣ್ಣ-ತಮ್ಮಂದಿರು ಬದುವಿಗಾಗಿ ಕೋರ್ಟಿಗೆ ಹೋದ ಊರು ಅದು. ಆದರೂ ತೂಬಿನ ಹತ್ತಿರ ಯಾರೂ ನರಸಯ್ಯನ ಮಾತಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ. ಅವರ ಹತ್ತಿರ ಇದ್ದದ್ದು ತೂಬು ತಿರುಗಿಸುವ ಕಬ್ಬಿಣದ ಹಿಡಿ ಮತ್ತು ಆ ಮಾತು, ಎರಡೇ.

ನಮ್ಮ ನಮೂನೆಯ ಹಾಳೆಯಲ್ಲಿ ನೀರು ತೆಗೆದ ದಿನ, ಹೊತ್ತು, ಆಳ ಎಲ್ಲ ಬರೆಯಬೇಕು. ಕೊನೆಯಲ್ಲಿ "ಸಾಕ್ಷಿಯ ಸಹಿ" ಎಂದು ಒಂದು ಜಾಗವಿದೆ. ಅದನ್ನು ಸೇರಿಸಿದವಳು ನಾನೇ. ಮಕ್ಕಳು ಕೆರೆಗೆ ಹೋಗದೆ ಹೋಟೆಲಿನಲ್ಲಿ ಕೂತು ತುಂಬಿಸಿ ತರಬಾರದು ಎಂದು. ಎಷ್ಟು ಜಾಣೆ ನೋಡಿ.

ಆ ಮಾರ್ಚ್ ಹನ್ನೆರಡರಂದು ನನ್ನ ಮೈದುನನ ಹೊಸ ಮನೆಯ ಗೃಹಪ್ರವೇಶ, ಶೆಟ್ಟಿಹಳ್ಳಿಯಲ್ಲಿ. ಮನೆಯ ದೊಡ್ಡ ಸೊಸೆ ನಾನು. ಒಂಬತ್ತಕ್ಕೆ ಹಾಲುಕ್ಕಿಸಬೇಕು. ನನ್ನ ವಿದ್ಯಾರ್ಥಿನಿ ಹರ್ಷಿತಾ ಪ್ರತಿ ತಿಂಗಳೂ ಜೊತೆಗೆ ಬರುತ್ತಿದ್ದಳು, ಆವತ್ತು ಅವಳಿಗೆ ಪರೀಕ್ಷೆ. ಕೋರದ ನೀರನ್ನು ಹಿಂದಿನ ಸಂಜೆಯೇ ಮುಗಿಸಿಬಿಟ್ಟಿದ್ದೆ. ಬೆಳಗ್ಗೆ ಒಬ್ಬಳೇ ಕಾರಿನಲ್ಲಿ ಹೊರಟು ಆರೂವರೆಗೆ ಗುಬ್ಬಿಯ ಕೆರೆಯ ನೀರು ತೆಗೆದೆ. ಇನ್ನು ಸೋಮಕ್ಕನ ಕೆರೆಗೆ ಮುಕ್ಕಾಲು ಗಂಟೆ ದಾರಿ. ಅಲ್ಲಿ ಏರಿಯ ಮೇಲೆ ನಡೆದು, ನೀರಿಗಿಳಿದು, ಮತ್ತೆ ವಾಪಸು. ಅಷ್ಟರಲ್ಲಿ ಯಜಮಾನರು ನಾಗೇಶ್ ಫೋನ್ ಮಾಡಿದರು. "ಎಲ್ಲಿದೀಯ? ಪುರೋಹಿತರು ಬಂದಾಯ್ತು. ಅಮ್ಮ ಗೊಣಗ್ತಾ ಇದಾರೆ ಕಣೇ."

ಕ್ಯಾನಿನಲ್ಲಿ ಗುಬ್ಬಿಯ ಕೆರೆಯ ನೀರು ಇನ್ನೂ ಉಳಿದಿತ್ತು. ಕಾರಿನ ಬಾನೆಟ್ ಮೇಲೆ ಇಟ್ಟುಕೊಂಡು ಅದನ್ನೇ ಇನ್ನೊಂದು ಬಾಟಲಿಗೆ ಬಗ್ಗಿಸಿದೆ. ಹನಿ ಲೆಕ್ಕದಲ್ಲಿ ಅಯೋಡಿನ್ ದ್ರಾವಣ ಹಾಕಿದೆ. ಅದು ಹಾಕಿದರೆ ಜೀವಿಗಳು ಇದ್ದ ಹಾಗೇ ಉಳಿಯುತ್ತವೆ, ನೀರು ಮಾತ್ರ ಕಂದಾಗುತ್ತದೆ. ಲೇಬಲ್ ಮೇಲೆ ದುಂಡಾದ ಅಕ್ಷರದಲ್ಲಿ "ಸೋಮಕ್ಕನ ಕೆರೆ, ಬೆಳಗ್ಗೆ 7.30" ಎಂದು ಬರೆದೆ. ಒಂದು ತಿಂಗಳಲ್ಲಿ ಏನು ಮಹಾ ಬದಲಾಗುತ್ತದೆ ಅಂದುಕೊಂಡೆ. ಒಂಬತ್ತಕ್ಕೆ ಸರಿಯಾಗಿ ಹಾಲುಕ್ಕಿತು.

ವಾರದ ಮೇಲೆ ಹರ್ಷಿತಾ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾ ಕೂತಿದ್ದಳು. ತಲೆಯೆತ್ತಿ ನಕ್ಕು, "ಮ್ಯಾಮ್, ಈ ಸಲ ಗುಬ್ಬಿದೂ ಸೋಮಕ್ಕನ ಕೆರೆದೂ ಅವಳಿ-ಜವಳಿ ಇದ್ದಂಗಿವೆ" ಅಂದಳು.

"ಎಣಿಸೋದು ನಿನ್ನ ಕೆಲಸ. ನೆಂಟಸ್ತಿಕೆ ಹುಡುಕೋದಲ್ಲ" ಎಂದು ಸಿಡುಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕತೆ. ಪಾಪದ ಹುಡುಗಿ ಬಾಯಿ ಮುಚ್ಚಿಕೊಂಡು ಎಣಿಸಿದಳು. ಆ ಅಂಕಿಗಳೇ ವರದಿಗೆ ಹೋದವು.

ಯುಗಾದಿಗೆ ನಾಲ್ಕು ದಿನ ಮುಂಚೆ ವರದಿಯ ಪ್ರತಿ ಕೊಡಲು ಸೋಮಕ್ಕನ ಕೆರೆಯ ಊರಿನ ಪಂಚಾಯಿತಿ ಆಫೀಸಿಗೆ ಹೋದೆ. ಕೆರೆಯಲ್ಲಿ ಮೀನು ಸಾಕಿದ್ದು ಊರಿನ ಹೆಂಗಸರ ಸಂಘ. ಸಂಘದ ಅಧ್ಯಕ್ಷೆ ನರಸಿಂಹಮ್ಮ ನನಗಾಗಿಯೇ ಕಾಯುತ್ತಿದ್ದರು.

"ಮೇಡಂ, ಹಬ್ಬ ಕಳೀತಿದ್ದಂಗೆ ಬಲೆ ಬುಡಾನ ಅಂತಿದ್ವಿ. ಮೀನು ಈಗ ಅರ್ಧ ಕೆಜಿ ಅವೆ. ಇನ್ನೊಂದು ತಿಂಗಳು ಬುಟ್ರೆ ಮುಕ್ಕಾಲು ಕೆಜಿ ಆಯ್ತವೆ. ನೀರು ತಡೀತದಾ ನೋಡಿ ಹೇಳಿ."

ನಾನು ನೋಡಿದ್ದು ಕೈಯಲ್ಲಿದ್ದ ವರದಿಯನ್ನು. "ನೀರು ಚೆನ್ನಾಗಿದೆ. ಇನ್ನೊಂದು ತಿಂಗಳು ಬಿಡಬಹುದು" ಅಂದೆ.

ಈ ಎರಡು ಮಾತು ಇವತ್ತಿಗೂ ಸ್ನಾನ ಮಾಡುವಾಗ, ಅನ್ನಕ್ಕೆ ಇಡುವಾಗ ಇದ್ದಕ್ಕಿದ್ದಂತೆ ನೆನಪಿಗೆ ಬರುತ್ತವೆ, ನಾನು ಜೋರಾಗಿ ಏನಾದರೂ ಹಾಡು ಗುನುಗಿಕೊಳ್ಳುತ್ತೇನೆ.

ಹೊರಗೆ ಬೇವಿನ ಮರದ ಕೆಳಗೆ ನರಸಯ್ಯ ನಿಂತಿದ್ದರು. ಟವೆಲಿನಲ್ಲಿ ಸುತ್ತಿದ್ದ ಬಾಟಲಿಯೊಂದನ್ನು ತೆಗೆದು ಎರಡು ಕೈಯಲ್ಲೂ ಹಿಡಿದು ಚಾಚಿದರು.

"ಹನ್ನೆರಡನೇ ತಾರೀಕು ನೀವು ಬರ್ಲಿಲ್ಲ ಮೇಡಮ್ಮೋರೆ. ಹತ್ತು ಗಂಟೆ ಗಂಟ ಕಾದೆ. ಏನೋ ತೊಂದ್ರೆ ಆಗೈತೆ ಅಂತ ನಾನೇ ತುಂಬಿ ಮಡಗಿದೀನಿ. ನೀವು ಬುಟ್ಟು ಹೋಗಿದ್ದ ಬಾಟ್ಲಿ. ಅದ್ರ ಜೊತೆ ಇದ್ದ ಕಂದು ಔಷ್ದಿನೂ ನೀವು ಹಾಕೋ ಲೆಕ್ಕದಲ್ಲೇ ಹಾಕೀನಿ. ನೀರು ಯಾಕೋ ಒಂಥರಾ ಐತೆ, ನೋಡಿ."

ಬಾಟಲಿಯ ಕುತ್ತಿಗೆಗೆ ದಾರದಲ್ಲಿ ಒಂದು ಚೀಟಿ ಕಟ್ಟಿದ್ದರು. ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರಿನ ಹಾಳೆ ಅದು. ಮಾರ್ಚ್, ಹನ್ನೆರಡು. ಕೆಳಗೆ ತಿಥಿ, ನಕ್ಷತ್ರ, ರಾಹುಕಾಲ.

"ಬೇಸಿಗೆಯಲ್ಲಿ ನೀರು ಸ್ವಲ್ಪ ಹಸಿರಾಗೋದು ಇದ್ದದ್ದೇ ನರಸಯ್ಯ" ಎಂದು ಬಾಟಲಿಯನ್ನು ಬ್ಯಾಗಿಗೆ ತುರುಕಿದೆ. ಕೆರೆ ಅಲ್ಲಿಂದ ಎರಡು ಕಿಲೋಮೀಟರು ಕೂಡ ಇರಲಿಲ್ಲ. ಹೋಗಿ ನೋಡಲಿಲ್ಲ. ಹೋಗಿದ್ದರೆ ನೋಡಬೇಕಾಗುತ್ತಿತ್ತು. ನಮೂನೆಯ ಹಾಳೆ ಮತ್ತು ಪೆನ್ನು ತೆಗೆದು ಅವರ ಮುಂದೆ ಹಿಡಿದೆ.

"ಇದ್ರಾಗೆ ಏನು ಬರ್ದೈತೆ ಮೇಡಮ್ಮೋರೆ?"

"ಮಾಮೂಲಿನೇ. ಹಾಕಿ, ನಂಗೆ ಲೇಟಾಗುತ್ತೆ."

ನಾಲ್ಕನೇ ಕ್ಲಾಸಿನವರೆಗೆ ಓದಿದ ಮನುಷ್ಯ. ನಿಧಾನವಾಗಿ ಓದಬಲ್ಲರು. ನಿಧಾನಕ್ಕೆ ನಾನು ಅವಕಾಶ ಕೊಡಲಿಲ್ಲ. ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿ ಹಿಡಿದು "ನರಸಯ್ಯ" ಎಂದು ನಾಲ್ಕೂ ಅಕ್ಷರ ಬಿಡಿಬಿಡಿಯಾಗಿ ಬರೆದರು. ಆ ಹಾಳೆಯನ್ನು ವರದಿಗೆ ಸೇರಿಸಿ ಆಫೀಸಿನೊಳಗೆ ಕೊಟ್ಟುಬಂದೆ. ಬಾಟಲಿ ಲ್ಯಾಬಿನ ಮೇಲಿನ ಶೆಲ್ಫಿಗೆ ಹೋಯಿತು.

ಏಪ್ರಿಲ್ ಏಳರಂದು, ಎರಡು ದಿನ ಮೋಡ ಕವಿದು ಮಳೆ ಬರದೆ ಹೋದ ಮೇಲೆ, ಬೆಳಗ್ಗೆ ಸೋಮಕ್ಕನ ಕೆರೆಯ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ನರಸಿಂಹಮ್ಮ ಫೋನಿನಲ್ಲಿ ಅಳುತ್ತಿದ್ದರು. ಹಿಂದೆ ಹೆಂಗಸರ ಗಲಾಟೆ, ಕಾಗೆಗಳ ಗಲಾಟೆ.

ಲ್ಯಾಬಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಸ್ಟೂಲ್ ಹತ್ತಿ ಆ ಬಾಟಲಿ ಇಳಿಸಿದೆ. ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಎಣಿಸುವುದೇ ಬೇಕಿರಲಿಲ್ಲ. ಎಲ್ಲಿ ನೋಡಿದರೂ ಅದೇ ಪಾಚಿಯ ಗುಂಪುಗಳು, ಒಂದರ ಮೇಲೊಂದು. ಫೆಬ್ರವರಿಯಲ್ಲಿ ಕಂಡಿದ್ದ ಮಿಕ್ಕ ಹಸಿರುಗಳು ಮಾಯ. ಮೇಯುವ ಪ್ರಾಣಿಗಳು ಹುಡುಕಿದರೆ ಎರಡೋ ಮೂರೋ. ಕೆರೆಗೆ ನೀರು ತರುವ ಹಳ್ಳದ ದಂಡೆಯಲ್ಲಿ ಹೊಸದಾಗಿ ಕೋಳಿ ಫಾರಂ ಎದ್ದಿತ್ತು, ಗೊಬ್ಬರವನ್ನು ದಂಡೆಗೇ ರಾಶಿ ಹಾಕಿದ್ದರು. ಫೆಬ್ರವರಿ ಕೊನೆಯ ಅಕಾಲದ ಮಳೆ ಅದನ್ನು ಕೆರೆಗೆ ತೊಳೆದಿತ್ತು. ಎಲ್ಲವೂ ಈ ಬಾಟಲಿಯಲ್ಲಿತ್ತು. ಮಾರ್ಚಿನಲ್ಲೇ ನೋಡಿದ್ದರೆ ಹಬ್ಬಕ್ಕೇ ಬಲೆ ಬಿಡಿ ಅನ್ನುತ್ತಿದ್ದೆ, ಹೆಂಗಸರ ಮೀನು ಉಳಿಯುತ್ತಿತ್ತು. ನಾನು ಕಾಪಿ ಹೊಡೆದಿದ್ದೆ. ಅದೂ ಬೇರೆ ಕೆರೆಯಿಂದ.

ಮುಂದಿನ ವಾರ ಪಂಚಾಯಿತಿಯಲ್ಲಿ ಸಭೆ ಕರೆದರು. ಹೋಗುವಾಗ ಆ ಬಾಟಲಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡೆ. ಹೇಳಿಬಿಡಬೇಕೆಂದೇ ಹೋದೆ, ದೇವರಾಣೆಗೂ.

ಅಲ್ಲಿ ನೋಡಿದರೆ ಗೋಡೆಯ ಪಕ್ಕ ನರಸಯ್ಯನನ್ನು ನಿಲ್ಲಿಸಿದ್ದರು. ಪಂಚಾಯಿತಿ ಅಧ್ಯಕ್ಷ ಮಹಾಲಿಂಗಯ್ಯನ ಕೈಯಲ್ಲಿ ನನ್ನ ವರದಿ. "ಕಾಲೇಜಿನೋರು ನೀರು ಚೆನ್ನಾಗೈತೆ ಅಂತ ಬರ್ದು ಕೊಟ್ಟವ್ರೆ. ಅಂದ್ಮೇಲೆ ನೀರಿಂದ ಸತ್ತಿಲ್ಲ. ಕೆರೆ ನೀರು ತಳಕ್ಕೆ ಇಳುದು ಸತ್ತವೆ. ತೂಬು ಯಾರ ಕೈಲೈತೆ? ಇವನ ಕೈಲಿ. ಕದ್ದು ಯಾರ ತೋಟಕ್ಕೆ ಬುಟ್ಯಪ್ಪಾ?"

"ಎರಡು ಬೆಟ್ಟು ಕೂಡ ಎತ್ತಿಲ್ಲ ಸ್ವಾಮಿ. ಮೀನವೆ ಅಂತ ಗೊತ್ತಿಲ್ವಾ ನಂಗೆ?" ಅಂದರು ನರಸಯ್ಯ. ಅಂದವರು ನನ್ನ ಕಡೆ ನೋಡಿದರು. ಮೇಡಂ ಬಂದಿದ್ದಾರೆ, ಇನ್ನು ಸರಿಹೋಗುತ್ತದೆ ಅನ್ನುವ ನೋಟ.

ಮಹಾಲಿಂಗಯ್ಯ ನನ್ನ ಕಡೆ ತಿರುಗಿದರು. "ಏನಂತೀರಿ ಮೇಡಂ?"

ಬ್ಯಾಗಿನೊಳಗೆ ನನ್ನ ಬೆರಳು ಬಾಟಲಿಯ ಮುಚ್ಚಳದ ಮೇಲಿತ್ತು. "ಇದನ್ನ... ಇನ್ನೂ ಪರಿಶೀಲಿಸಬೇಕು" ಅಂದೆ. ನನ್ನ ದನಿ ನನಗೇ ಅಸಹ್ಯ ಅನ್ನಿಸಿತು.

ನರಸಿಂಹಮ್ಮನಿಗೆ ಏನೋ ಅನುಮಾನ. ಸುಮ್ಮನೆ ಬಿಡುವ ಹೆಂಗಸಲ್ಲ. ವರದಿಗೆ ಸೇರಿಸಿದ್ದ ನಮೂನೆಯ ಹಾಳೆಯನ್ನು ಬಿಡಿಸಿ ಎಲ್ಲರಿಗೂ ಕೇಳುವ ಹಾಗೆ ಓದಿದರು. "ಮಾರ್ಚ್ ಹನ್ನೆರಡು, ಬೆಳಗ್ಗೆ ಏಳೂವರೆ. ನೀರು ತಿಳಿ. ಸಾಕ್ಷಿ, ನರಸಯ್ಯ. ಏನ್ ನರಸಯ್ಯಣ್ಣ, ಇದು ನಿನ್ನ ಸಹಿನಾ?"

ಆಗ ಗೊತ್ತಾಯಿತು ನರಸಯ್ಯನಿಗೆ, ತಾವು ಏನಕ್ಕೆ ಸಹಿ ಹಾಕಿದ್ದು ಎಂದು. ಹಾಳೆ ನೋಡಿದರು. ನನ್ನನ್ನು ನೋಡಿದರು. ನಾನು ಬ್ಯಾಗಿನ ಜಿಪ್ ನೋಡುತ್ತಾ ಕೂತೆ.

"ನಂದೇ" ಅಂದರು.

"ಮೇಡಂ ಬಂದಿದ್ರಾ ಆವತ್ತು?"

"ಬಂದಿದ್ರು."

"ನೀರಿಗೆ ಇಳುದ್ರಾ?"

"ಇಳುದ್ರು. ಮಂಡಿ ಮಟ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನುತ್ತಾರೆ. ಭೂಮಿ ಯಾಕೆ ಬಾಯಿಬಿಡುತ್ತದೆ, ಬಾಯಿ ಬಿಡಬೇಕಾದವಳು ನಾನು. ಬಿಡಲಿಲ್ಲ. ನರಸಯ್ಯ ಸೊಂಟದ ಟವೆಲಿನಿಂದ ಕಬ್ಬಿಣದ ಹಿಡಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಪಂಚಾಯಿತಿಯವರು ತೂಬನ್ನು ಬೇರೆಯವನಿಗೆ ವಹಿಸಿದರು. ನಾನು ಆಫೀಸಿನ ಹುಡುಗಿ ತಂದುಕೊಟ್ಟ ಟೀ ಕುಡಿದು ಕಾರು ಹತ್ತಿದೆ. ಟೀಯನ್ನು ಪೂರ್ತಿ ಕುಡಿದೆ.

ಒಂಬತ್ತು ದಿನ ಸರಿಯಾಗಿ ಊಟ ಸೇರಲಿಲ್ಲ. ಹತ್ತನೇ ದಿನ ಅವರ ಮನೆಗೆ ಹೋದೆ. ಶೀಟಿನ ಮನೆ, ಮುಂದೆ ಎರಡು ತೆಂಗಿನ ಮರ. ನರಸಯ್ಯ ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಆ ಹೊತ್ತಿನಲ್ಲಿ ಅವರು ತೂಬಿನ ಹತ್ತಿರ ಇರಬೇಕಿತ್ತು. ನನ್ನನ್ನು ಕಂಡದ್ದೇ ಎದ್ದು, ಗೋಡೆಗೆ ಒರಗಿಸಿದ್ದ ಚಾಪೆ ಹಾಸಿದರು.

"ತಪ್ಪಾಯ್ತು ನರಸಯ್ಯ" ಅಂದೆ. ಮಾತು ಅಷ್ಟಕ್ಕೇ ನಿಂತುಹೋಯಿತು, ಅಳು ಬಂತು. ಅವರ ಮುಂದೆ ಅಳುವ ಯೋಗ್ಯತೆಯೂ ನನಗಿಲ್ಲ ಅನ್ನಿಸಿ ತಡೆದುಕೊಂಡೆ. "ಯಾಕೆ ಹಂಗೆ ಹೇಳಿದ್ರಿ? ನಾನು ಬರಲಿಲ್ಲ ಅಂತ ಹೇಳಬಹುದಿತ್ತಲ್ಲ."

"ಸಹಿ ನಂದೇ ಅಲ್ವಾ ಮೇಡಮ್ಮೋರೆ. ಸಹಿ ಒಂದು, ಬಾಯಿ ಒಂದು ಆದ್ರೆ ನಾಳೆ ತೂಬಿನ ತಾವ ನನ್ನ ಮಾತು ಯಾರು ಕೇಳ್ತಾರೆ?"

"ನಾನು ಪಂಚಾಯಿತಿಗೆ ಬಂದು ನಿಜ ಹೇಳಿಬಿಡ್ತೀನಿ. ಬಾಟಲಿ ನನ್ನ ಹತ್ತಿರ ಇದೆ."

ಅವರು ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಬ್ಯಾಡಿ. ಈಗ ನೀರು ಬುಟ್ಟ ಅಂತ ಮಾತ್ರ ಅಂತಾವ್ರೆ. ಬುಟ್ಟಿಲ್ಲ ಅಂತ ನನ್ನ ಮನ್ಸಿಗೆ ಗೊತ್ತು, ತಡ್ಕೊಂತೀನಿ. ನೀವು ಹೇಳಿದ್ರೆ ನರಸಯ್ಯ ಸುಳ್ಳು ಹೇಳ್ದ ಅಂತಾರೆ. ಅದು ಸುಳ್ಳಲ್ಲ ಅಂತ ಯಾರಿಗೆ ಹೇಳ್ಲಿ? ಹೇಳೀನಲ್ಲ. ಬುಡಿ, ಹಿಂಗೇ ಹೋಗ್ಲಿ."

ಈಗ ಹೇಳುವುದು ಎಲ್ಲಕ್ಕಿಂತ ಕಷ್ಟದ ಮಾತು. ಅವರು ಬೇಡ ಅಂದಾಗ ನನಗೆ ನೆಮ್ಮದಿಯಾಯಿತು. ಎದೆಯ ಮೇಲಿನ ಕಲ್ಲು ಇಳಿಸಿದಂಥ ನೆಮ್ಮದಿ. ಅವರ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, "ನಿಮ್ಮಿಷ್ಟ ನರಸಯ್ಯ" ಎಂದು ದೊಡ್ಡತನ ತೋರಿಸುವವಳ ಹಾಗೆ ಎದ್ದುಬಂದೆ. ಬಾಟಲಿಗೆ ನೀರು ಬಗ್ಗಿಸಿದ್ದಕ್ಕಿಂತ, ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದಕ್ಕಿಂತ, ಆ ನೆಮ್ಮದಿಗೆ ನಾನು ಹೆಚ್ಚು ನಾಚುತ್ತೇನೆ.

ಎರಡು ತಿಂಗಳು ಹಾಗೇ ಕಳೆದೆ. ನಡುವೆ ಎರಡು ಸಲ ಹನ್ನೆರಡನೇ ತಾರೀಕು ಬಂತು; ಮೈ ಸರಿಯಿಲ್ಲ ಎಂದು ಹರ್ಷಿತಾಳನ್ನು ಒಬ್ಬಳನ್ನೇ ಕಳಿಸಿದೆ. ಅವಳು ತಂದ ಬಾಟಲಿಗಳಲ್ಲಿ ಅದೇ ಪಾಚಿ. ಲ್ಯಾಬಿನ ಪುಸ್ತಕದಲ್ಲಿ ಬರೆದಿಟ್ಟೆ, ವರದಿಗೆ ಇನ್ನೂ ಸಮಯವಿದೆ ಎಂದು ಸುಮ್ಮನಾದೆ.

ಜೂನ್ ಕೊನೆಯಲ್ಲಿ ನರಸಿಂಹಮ್ಮನ ಫೋನ್ ಬಂತು. ದನಿಯಲ್ಲಿ ಉತ್ಸಾಹ. "ಮೇಡಂ, ಮಳೆ ಬಂದು ಕೆರೆಗೆ ನೀರು ಬಂದೈತೆ. ಮತ್ತೆ ಮರಿ ಬುಡ್ತೀವಿ. ನೀರಂತೂ ಒಳ್ಳೇದು ಅಂತ ನೀವೇ ಬರ್ಕೊಟ್ಟಿದೀರಿ. ತೂಬಿಗೂ ಬೇರೆಯೋನು ಬಂದವ್ನೆ. ಇನ್ನೇನು ಭಯ ಇಲ್ಲ ಅಲ್ವಾ?"

ಕೋಳಿ ಗೊಬ್ಬರದ ರಾಶಿ ಹಳ್ಳದ ದಂಡೆಯಲ್ಲೇ ಇತ್ತು. ಹೊಸ ನೀರಿನ ಜೊತೆ ಅದೂ ಕೆರೆ ಸೇರುತ್ತಿತ್ತು. ಮರಿ ಬಿಟ್ಟರೆ ಮುಂದಿನ ಬೇಸಿಗೆಗೆ ಅವೂ ಹೊಟ್ಟೆ ಮೇಲೆ ಮಾಡುತ್ತವೆ, ಆಗ ಹೊಸ ನೀರುಗಂಟಿಯನ್ನು ಗೋಡೆಯ ಪಕ್ಕ ನಿಲ್ಲಿಸುತ್ತಾರೆ. "ಬಿಡಬೇಡಿ ನರಸಿಂಹಮ್ಮ. ನಾನು ಬಂದು ಹೇಳ್ತೀನಿ" ಅಂದೆ.

ಮೊದಲು ಹರ್ಷಿತಾಳನ್ನು ಕರೆದು ಹೇಳಿದೆ. ಅವಳ ಹೆಸರೂ ಆ ವರದಿಯಲ್ಲಿತ್ತು. ಅವಳು ಕೋಪ ಮಾಡಿಕೊಳ್ಳಲಿಲ್ಲ, ಅದೇ ಕಷ್ಟವಾಯಿತು. "ಮೊದಲನೇ ವರ್ಷ ನನ್ನ ರೆಕಾರ್ಡ್ ಹರಿದಿದ್ರಿ ಮ್ಯಾಮ್. ಮೂವತ್ತೆರಡು ಚಿತ್ರ ಮತ್ತೆ ಬರೆದೆ" ಅಂದಳು. ಕಾಲೇಜಿಗೆ ಪತ್ರ ಬರೆದುಕೊಟ್ಟೆ. ಪ್ರಾಜೆಕ್ಟ್ ನನ್ನ ಕೈತಪ್ಪಿತು, ವಿಚಾರಣೆ ನಡೆಯುತ್ತಿದೆ. ಅದು ಬಿಡಿ, ನ್ಯಾಯವಾದದ್ದೇ.

ಜುಲೈಯಲ್ಲಿ ಅದೇ ಸಭೆ, ಅದೇ ಮೇಜು. ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಕ್ಯಾಲೆಂಡರಿನ ಹಾಳೆ ಇನ್ನೂ ಕುತ್ತಿಗೆಗೆ ಇತ್ತು.

"ಇದು ಮಾರ್ಚ್ ಹನ್ನೆರಡರ ನೀರು. ತೆಗೆದದ್ದು ನಾನಲ್ಲ, ನರಸಯ್ಯ. ನಾನು ಆವತ್ತು ಬರಲೇ ಇಲ್ಲ. ಬೇರೆ ಕೆರೆಯ ನೀರಿಗೆ ನಿಮ್ಮ ಕೆರೆಯ ಹೆಸರು ಬರೆದೆ. ಮೀನು ಸತ್ತದ್ದು ತೂಬಿನಿಂದ ಅಲ್ಲ, ಪಾಚಿಯಿಂದ. ನರಸಯ್ಯನಿಗೆ ಓದೋಕೂ ಬಿಡದೆ ಸಹಿ ಹಾಕಿಸಿದವಳು ನಾನು. ಅವರು ಹೇಳಿದ್ದು ಆ ಸಹಿಗೆ ಕಟ್ಟುಬಿದ್ದು. ಅವರದೇನೂ ತಪ್ಪಿಲ್ಲ."

ಹೆಂಗಸರು ಒಟ್ಟಿಗೆ ಬಾಯಿ ಮಾಡಿದರು. ಅವರಂದದ್ದನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡೆ, ಒಂದು ಮಾತೂ ಹೆಚ್ಚಾಗಿರಲಿಲ್ಲ. "ನಂಬಿದ್ವಲ್ಲಮ್ಮಾ ನಿನ್ನ" ಎಂದರು ನರಸಿಂಹಮ್ಮ. ಮೇಡಂ ಅನ್ನುವುದನ್ನು ಆವತ್ತು ಬಿಟ್ಟರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ತೋಟದವನು ಕೇಳಿದ. "ಅದ್ಸರಿ, ಸಹಿ ಅವರು ಹಾಕ್ಸಿದ್ರು. ಮಂಡಿ ಮಟ ಇಳುದ್ರು ಅಂದ್ಯಲ್ಲೋ ನರಸಯ್ಯ, ಅದ್ಯಾರು ಹೇಳ್ಕೊಟ್ರು?"

ಜನ ನಕ್ಕರು. ಕೆಟ್ಟ ನಗುವಲ್ಲ, ಊರಿನ ನಗು. ನರಸಯ್ಯ ನೆಲ ನೋಡುತ್ತಾ ನಿಂತರು. ಅವರ ಮೇಲೆ ಮೀನು ಕೊಂದ ಆರೋಪ ಬಂದಾಗಲೂ ಆ ತಲೆ ಅಷ್ಟು ತಗ್ಗಿರಲಿಲ್ಲ. ಅವರು ಬೇಡ ಅಂದದ್ದು ಇದನ್ನೇ. ನಾನು ಸುಮ್ಮನಿದ್ದು ಅವರ ಕೆಲಸ ಕಿತ್ತುಕೊಂಡೆ, ಮಾತಾಡಿ ಅವರ ಮಾತು ಕಿತ್ತುಕೊಂಡೆ.

ಗೊಬ್ಬರದ ರಾಶಿಯನ್ನು ತೆಗೆಸಿದರು. ಮರಿ ಬಿಡುವುದನ್ನು ಮುಂದಿನ ವರ್ಷಕ್ಕೆ ಹಾಕಿದರು. ಹೊಸ ನೀರುಗಂಟಿ ಎರಡು ಸರದಿಗೇ ಜಗಳ ತಂದಿಟ್ಟಿದ್ದರಿಂದ ಕಬ್ಬಿಣದ ಹಿಡಿ ನರಸಯ್ಯನಿಗೇ ವಾಪಸು ಬಂತು.

ಪ್ರಾಜೆಕ್ಟ್ ಇಲ್ಲದಿದ್ದರೂ ಹನ್ನೆರಡನೇ ತಾರೀಕು ನಾನು ಸೋಮಕ್ಕನ ಕೆರೆಗೆ ಹೋಗಬೇಕು ಎಂದು ನಿಶ್ಚಯಿಸಿದ್ದೆ. ಸೆಪ್ಟೆಂಬರಿನಲ್ಲಿ ಮೊದಲ ಸಲ ಧೈರ್ಯ ಬಂತು. ಗುಬ್ಬಿಯವರೆಗೆ ಬಸ್ಸು, ಅಲ್ಲಿಂದ ಆಟೋ. ಏರಿ ಹತ್ತಿದಾಗ ನರಸಯ್ಯ ತೂಬಿನ ಹತ್ತಿರವೇ ಇದ್ದರು. ತೂಬಿನ ಕಂಬಕ್ಕೆ ಹೊಸದಾಗಿ ಒಂದು ಮೊಳೆ ಹೊಡೆದು, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಇನ್ನೂರು ಪುಟದ ನೋಟ್ ಬುಕ್ ನೇತುಹಾಕಿದ್ದರು, ದಾರದಲ್ಲಿ ಒಂದು ಪೆನ್ನು. ಇಬ್ಬರು ತೋಟದವರು ನಿಂತಿದ್ದರು. ಅವರಲ್ಲಿ ಒಬ್ಬ, "ಲೇ ಮಂಡಿಮಟ, ನನ್ನ ಸರದಿ ಎಷ್ಟೊತ್ತಿಗೆ ಶುರುವಾಯ್ತು ಅಂತ ಬರ್ದಿದೀಯಾ? ತೋರ್ಸು" ಅಂದ. ಅದು ಈಗ ಅವರ ಅಡ್ಡಹೆಸರು. ನರಸಯ್ಯ ಪುಟ ತೆಗೆದು ತೋರಿಸಿದರು. ಅವನು ಬೆರಳಿಟ್ಟು ಓದಿ, ಸಹಿ ಹಾಕಿ ಹೋದ. ಬಾಯಿಮಾತಿಗೆ ನೀರು ಹರಿದಿದ್ದ ತೂಬು ಅದು.

ನರಸಯ್ಯ "ಬನ್ನಿ ಮೇಡಮ್ಮೋರೆ" ಎಂದು ಚಪ್ಪಲಿ ಬಿಟ್ಟು ಮುಂದೆ ಇಳಿದರು. ನಾನು ಸೀರೆ ಎತ್ತಿ ಕಟ್ಟಿ ಸೊಂಟದ ಮಟ್ಟಕ್ಕೆ ಇಳಿದೆ. ಬಾಟಲಿ ತುಂಬಿದೆ, ಹನಿ ಎಣಿಸಿ ದ್ರಾವಣ ಹಾಕಿದೆ. ನೀರು ಇನ್ನೂ ಹಸಿರೇ, ಆದರೆ ಮೊದಲಿಗಿಂತ ವಾಸಿ.

ಮೇಲೆ ಬಂದಾಗ ಅವರು ನೋಟ್ ಬುಕ್ ತೆಗೆದು ಏನೋ ಬರೆಯುತ್ತಿದ್ದರು, ನಾಲಿಗೆ ತುಟಿಯ ಮೂಲೆಯಲ್ಲಿತ್ತು. ಬರೆದು ಮುಗಿಸಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪೆನ್ನು ತೆಗೆದುಕೊಂಡು ಸಹಿ ಹಾಕಲು ಬಗ್ಗಿದೆ. ಅವರು ಪುಟದ ಮೇಲೆ ಅಂಗೈ ಅಡ್ಡ ಇಟ್ಟರು.

"ಓದಿ ಹಾಕಿ ಮೇಡಮ್ಮೋರೆ. ಓದ್ದೆ ಹಾಕ್ಬಾರ್ದು."

ದನಿಯಲ್ಲಿ ಕೋಪವಿರಲಿಲ್ಲ. ಕಲಿತ ಪಾಠ ಒಪ್ಪಿಸುವ ದನಿ. ಅಂಗೈ ತೆಗೆದರು. "ಸೆಪ್ಟೆಂಬರ್ 12. ಬೆಳಿಗ್ಗೆ 7-40. ಮೇಡಮ್ಮೋರು ಬಂದ್ರು." ಅಷ್ಟೇ ಇದ್ದದ್ದು. ನಾನು ಅದನ್ನು ಮೂರು ಸಲ ಓದಿದೆ. ಆಮೇಲೆ ಸಹಿ ಹಾಕಿದೆ.